ಎಲ್ಲಿಗೆ ಅಂತ ಕೇಳಬಾರದು

ಸಫಿ, ಮಾರ್ಚ್ ೧೦, ೨೦೦೮

ಮಹಜೂಬಾ ಅಕ್ಕನಿಗೆ ದಾವಿಯಾಳ ಸಲಾಮು.

ಫೋನಿನ ದುಡ್ಡೆಲ್ಲ ಮಗಳು ರೀಮ್ ಜೊತೆ ಮಾತಾಡುವುದಕ್ಕೆ ಇರಲಿ, ನನಗೆ ಕಾಗದ ಬರೆ ಎಂದು ಹಡಗು ಹತ್ತುವ ಮುಂಚೆ ನಾನೇ ನಿನಗೆ ಹೇಳಿದ್ದೆ. ಆದ್ದರಿಂದ ಮೊದಲು ನಾನೇ ಬರೆಯುತ್ತಿದ್ದೇನೆ. ನನ್ನ ಅಕ್ಷರ ನೋಡಿ ನಗಬೇಡ. ಪ್ರಾಥಮಿಕ ಶಾಲೆ ಬಿಟ್ಟ ಮೇಲೆ ಪೆನ್ನು ಹಿಡಿದದ್ದಕ್ಕಿಂತ ಚಾಕು ಹಿಡಿದದ್ದೇ ಹೆಚ್ಚು.

ಕಾರ್ಖಾನೆ ಮತ್ತೆ ಶುರುವಾಗಿದೆ. ಭೂತಾಯಿ ಮೀನು ಚೆನ್ನಾಗಿ ಬರುತ್ತಿದೆ. ಮೀನು ಕೊಯ್ಯುವ ನಮ್ಮ ಮೇಜಿನಲ್ಲಿ ನಿನ್ನ ಜಾಗಕ್ಕೆ ಇಝ್ಝಾಳನ್ನು ನಿಲ್ಲಿಸಿದ್ದಾರೆ. ವಿಧವೆ, ಮಕ್ಕಳು ದೊಡ್ಡವರಾಗಿ ಬೇರೆ ಊರುಗಳಲ್ಲಿದ್ದಾರೆ. ಮಾತು ಕಡಿಮೆ, ಕೈ ಚುರುಕು.

ನೀನಿದ್ದಾಗ ಒಬ್ಬಳು ಮೇಜು ಬಿಟ್ಟು ಹೋಗುವಾಗ ತನ್ನ ಏಪ್ರನ್ ಬಿಚ್ಚಿ ಇನ್ನೊಬ್ಬಳ ಸೊಂಟಕ್ಕೆ ಕಟ್ಟುತ್ತಿದ್ದಳಲ್ಲ, ಈಗಲೂ ಅದೇ ನಡೆದಿದೆ. ಮೀನು ಮೇಜಿಗೆ ಬಿದ್ದ ಮೇಲೆ ಮುಗಿಯಲೇಬೇಕು, ಹೋದವಳ ಪಾಲನ್ನು ಕಟ್ಟಿಸಿಕೊಂಡವಳು ಮುಗಿಸಬೇಕು, ಕೂಲಿ ಮಾತ್ರ ಎಲ್ಲರಿಗೂ ಸಮ. ನಾನು ಇದಕ್ಕೆ ಎಂದೂ ಬೇಡ ಅಂದವಳಲ್ಲ. ಆದರೆ ನೀನು ಹೋದ ಮೇಲೆ ಎಲ್ಲರ ಏಪ್ರನ್ನೂ ನನ್ನ ಸೊಂಟಕ್ಕೇ ಬರುತ್ತಿದೆ. ಪಕ್ಕದ ಖದ್ದೂಜ್‌ಳ ಮಗನಿಗೆ ಜ್ವರ, ನನ್ನ ಸೊಂಟಕ್ಕೆ ಒಂದು ಗಂಟು. ಇನ್ನೊಬ್ಬಳ ಮಗಳಿಗೆ ಶಾಲೆಯಿಂದ ಕರೆ, ಅದರ ಮೇಲೆ ಇನ್ನೊಂದು ಗಂಟು. ಮೊನ್ನೆ ಮೂರು ಏಪ್ರನ್ ಕಟ್ಟಿಕೊಂಡು ನಿಂತಿದ್ದೆ. ನೋಡಿದವರು ಬಸುರಿ ಅಂದುಕೊಳ್ಳಬೇಕು.

"ನಾಳೆ ನನಗೆ ಸ್ವಲ್ಪ ಹೊರಗೆ ಕೆಲಸ ಇದೆ" ಅಂದೆ ಖದ್ದೂಜ್‌ಗೆ.

"ಬೀಳು ಬಿದ್ದ ಹೊಲಕ್ಕೆ ಕಳೆ ಕೀಳೋ ಕೆಲಸ ಎಲ್ಲಿಂದ ಬರುತ್ತೇ?" ಅಂದಳು. ಮೇಜೆಲ್ಲ ನಕ್ಕಿತು.

"ನಿನ್ನ ಹೊಲದ ಕಳೆ ಕಿತ್ತೂ ಕಿತ್ತೂ ಸಾಕಾಗಿದೆ ಕಣೇ, ಅದಕ್ಕೆ" ಅಂದೆ. ನಾನೂ ನಕ್ಕೆ. ಆದರೆ ಮರುದಿನ ಹೋಗಲಿಲ್ಲ. ನನ್ನ ಏಪ್ರನ್ ಯಾರೂ ಕಟ್ಟಿಸಿಕೊಳ್ಳಲಿಲ್ಲ.

ಸಮುದ್ರದಾಚೆ ವೆಲ್ವಾದ ಸ್ಟ್ರಾಬೆರಿ ತೋಟಕ್ಕೆ ಜನ ಆರಿಸಲು ಬಂದವರು ನಿನ್ನನ್ನು ತೆಗೆದುಕೊಂಡು ನನ್ನನ್ನು ಬಿಟ್ಟರಲ್ಲ. "ಮಕ್ಕಳಿಲ್ಲದವಳು ವಾಪಸ್ ಬರ್ತಾಳೆ ಅನ್ನೋದಕ್ಕೆ ಏನು ಗ್ಯಾರಂಟಿ?" ಅಂತ. ಅಲ್ಲಿಗೂ ನಾನು ಸಲ್ಲಲಿಲ್ಲ. ಇಲ್ಲಿ ಮಾತ್ರ ನಾನು ಎಲ್ಲಿಗೂ ಹೋಗುವವಳಲ್ಲ ಎಂದು ಎಲ್ಲರಿಗೂ ಗ್ಯಾರಂಟಿ ಇದೆ.

ರೀಮ್ ಚೆನ್ನಾಗಿದ್ದಾಳೆ. ಮುಂದಿನ ಒಂದು ಹಲ್ಲು ಬಿದ್ದಿದೆ.

ದಾವಿಯಾ


ವೆಲ್ವಾ, ಮಾರ್ಚ್ ೨೪

ಪ್ರೀತಿಯ ದಾವಿಯಾ,

ನಿನ್ನ ಕಾಗದ ಓದಿ ನಮ್ಮ ಕೋಣೆಯವರೆಲ್ಲ ನಕ್ಕರು. ಬಸುರಿ ಅನ್ನುವ ಮಾತಿಗೆ ಸಾದಿಯಾ ಹೊಟ್ಟೆ ಹಿಡಿದುಕೊಂಡಳು. ಅವಳು ಖದ್ದೂಜ್‌ಳ ತಂಗಿ ಎಂಬುದು ನನಗೆ ಓದಿ ಮುಗಿಸಿದ ಮೇಲೆ ನೆನಪಾಯಿತು. ಬೇಜಾರು ಮಾಡಿಕೊಳ್ಳಬೇಡ.

ನಾನು ಇಲ್ಲಿ ಚೆನ್ನಾಗಿದ್ದೇನೆ. ಕೆಲಸ ಕಷ್ಟವೇನಲ್ಲ. ಬಗ್ಗಿ ಹಣ್ಣು ಕೀಳಬೇಕು ಅಷ್ಟೆ. ಮೇಸ್ತ್ರಿ ಒಳ್ಳೆಯವನು. ಊಟಕ್ಕೆ ನಾವೇ ಬೇಯಿಸಿಕೊಳ್ಳುತ್ತೇವೆ. ಜೀರಿಗೆ ಮಾತ್ರ ನಮ್ಮದರ ಹಾಗಿಲ್ಲ.

ಖದ್ದೂಜ್‌ಗೆ ನಾಲ್ಕು ಮಕ್ಕಳು, ಗಂಡ ಇದ್ದೂ ಇಲ್ಲದ ಹಾಗೆ. ಸ್ವಲ್ಪ ಸಹಿಸಿಕೋ. ನನ್ನ ಏಪ್ರನ್ನನ್ನು ನೀನು ಎಷ್ಟು ಸಲ ಕಟ್ಟಿಕೊಂಡಿಲ್ಲ? ರೀಮ್ ಹುಟ್ಟಿದ ವರ್ಷ ನೀನಿಲ್ಲದಿದ್ದರೆ ನನ್ನ ಕೆಲಸ ಉಳಿಯುತ್ತಿರಲಿಲ್ಲ. ತಾಯಂದಿರ ಕಷ್ಟ ನಿನಗೆ ಗೊತ್ತಿರುವಷ್ಟು ಬೇರೆ ಯಾರಿಗೆ ಗೊತ್ತು?

ಆಗಾಗ ಅಮ್ಮನ ಮನೆಗೆ ಹೋಗಿ ಮಗುವನ್ನು ನೋಡು. ಅಮ್ಮ ಫೋನಿನಲ್ಲಿ ಎಲ್ಲಕ್ಕೂ "ಅಲ್ಲಾನ ದಯೆ, ಚೆನ್ನಾಗಿದೆ" ಎಂದೇ ಹೇಳುತ್ತಾಳೆ. ಮನೆಗೆ ಬೆಂಕಿ ಬಿದ್ದರೂ ಅವಳು ಹಾಗೇ ಹೇಳುವವಳು.

ನಿನ್ನ ಅಕ್ಕ,
ಮಹಜೂಬಾ


ಸಫಿ, ಏಪ್ರಿಲ್ ೧೭

ಅಕ್ಕಾ,

ಸಾದಿಯಾ ಹೇಳುವ ಮುಂಚೆ ನಾನೇ ಹೇಳುತ್ತೇನೆ. ಆದರೆ ಫೋನು ಕಾಗದಕ್ಕಿಂತ ಬೇಗ ಓಡುತ್ತದೆ, ಅಷ್ಟರಲ್ಲಿ ನಿನಗೆ ಗೊತ್ತಾಗಿರುತ್ತದೆ.

ಮೊನ್ನೆ ಮಂಗಳವಾರ ಬೆಳಿಗ್ಗೆ ದೋಣಿಗಳು ತುಂಬಿ ಬಂದವು. ಮೇಜಿನ ಮೇಲೆ ಮೀನು ಸುರಿದರು. ನಾನು ಒಂದು ಬುಟ್ಟಿ ಮುಗಿಸಿದೆ, ಏಪ್ರನ್ ಬಿಚ್ಚಿದೆ, ಖದ್ದೂಜ್‌ಳ ಹಿಂದೆ ಹೋಗಿ ಅವಳ ಸೊಂಟಕ್ಕೆ ಕಟ್ಟಿದೆ.

ಅವಳು ಚಾಕು ಹಿಡಿದುಕೊಂಡೇ ತಿರುಗಿದಳು. "ಏನೇ ಇದು?"

"ನನಗೆ ಹೋಗಬೇಕು. ನನ್ನ ಪಾಲು ನೀನು ಮುಗಿಸು."

"ಎಲ್ಲಿಗೆ?"

"ಕೆಲಸ ಇದೆ."

"ಯಾವ ಕೆಲಸ? ಯಾರಿಗೆ ಏನಾಯ್ತು?"

"ನೀನು ಹೋಗುವಾಗ ನಾನು ಕೇಳಿದ್ದೀನಾ?"

"ನನ್ನದು ಕೇಳಬೇಕಾಗಿಲ್ಲ, ಊರಿಗೇ ಗೊತ್ತು. ಮಕ್ಕಳಿದ್ದಾರೆ. ನಿನಗೆ ಯಾರಿದ್ದಾರೆ?"

ಅವಳು ನನ್ನ ಏಪ್ರನ್ನಿನ ಗಂಟು ಬಿಚ್ಚಿ ನೆಲಕ್ಕೆ ಹಾಕಿದಳು, ಅಕ್ಕಾ. ಮೀನಿನ ನೀರು ಹರಿಯುವ ಕಡೆ. ಇಷ್ಟು ವರ್ಷದಲ್ಲಿ ಯಾರ ಏಪ್ರನ್ನೂ ನೆಲ ಮುಟ್ಟಿದ್ದನ್ನು ನಾನು ನೋಡಿಲ್ಲ. ಮೇಲ್ವಿಚಾರಕಿ ಹಾಜಾ ಫದೀಲಾ ಬಂದಳು. "ಕಾರಣ ಹೇಳು, ಬಿಡ್ತೀನಿ" ಅಂದಳು. "ಕಾರಣ ನನ್ನದು ಹಾಜಾ" ಅಂದೆ. "ಹಾಗಾದ್ರೆ ಹೋಗು. ಆದ್ರೆ ನಾಳೆ ಮೇಜಿನಲ್ಲಿ ನಿನಗೆ ಜಾಗ ಇರೋದಿಲ್ಲ" ಅಂದಳು. ಹೋದೆ.

ಈಗ ನಾನು ಮೋರಿಯ ಹತ್ತಿರ ಇದ್ದೇನೆ. ಮೀನಿನ ಕರುಳು, ತಲೆ, ಎಲ್ಲ ನನ್ನ ಕಡೆಗೆ ಹರಿದು ಬರುತ್ತವೆ, ಸಲಿಕೆಯಲ್ಲಿ ಎತ್ತಿ ಡ್ರಮ್ಮಿಗೆ ಹಾಕುತ್ತೇನೆ. ಇದು ಹೊಸಬರ ಕೆಲಸ. ಈ ಸೀಸನ್ ಮುಗಿಯುವುದರೊಳಗೆ ಮೇಜಿಗೆ ಮರಳದಿದ್ದರೆ ಮುಂದಿನ ಸಲ ನನ್ನನ್ನು ಕರೆಯುವುದೇ ಇಲ್ಲ. ಗೊತ್ತು. ಕೈ ಮುಗಿದು ಕೇಳುವುದಿಲ್ಲ.

ರೀಮ್ ಚೆನ್ನಾಗಿದ್ದಾಳೆ. ನೀನು ಕಳಿಸಿದ ಉಣ್ಣೆ ಟೋಪಿಯನ್ನು ತೆಗೆಯುವುದೇ ಇಲ್ಲ, ಶಾಲೆಯಲ್ಲೂ ಹಾಕಿಕೊಂಡೇ ಕೂರುತ್ತಾಳೆ.

ದಾವಿಯಾ


ವೆಲ್ವಾ, ಏಪ್ರಿಲ್ ೨೮

ದಾವಿಯಾ,

ಸಾದಿಯಾ ಎಲ್ಲ ಹೇಳಿದಳು. ಇಡೀ ಕೋಣೆಯ ಮುಂದೆ ಹೇಳಿದಳು. ನೀನು ಅಷ್ಟು ಮೀನು ಬಿಟ್ಟು ಎದ್ದು ಹೋದೆಯಂತೆ, "ನಿಮ್ಮ ಮಕ್ಕಳನ್ನು ನಾನು ಹೆತ್ತಿಲ್ಲ" ಎಂದು ಕೂಗಿದೆಯಂತೆ. ಖದ್ದೂಜ್‌ಗೆ ಅಂದು ಮಗನನ್ನು ಶಾಲೆಯಿಂದ ಕರೆತರಲು ಹೋಗಲಾಗದೆ, ಅವನು ಗೇಟಿನ ಹತ್ತಿರ ಬಹಳ ಹೊತ್ತು ಅಳುತ್ತಾ ನಿಂತಿದ್ದನಂತೆ. ನಾನು ತಲೆ ಎತ್ತಲಿಲ್ಲ. ನಿನ್ನನ್ನು ನನ್ನ ತಂಗಿ ಎಂದು ಎಲ್ಲರಿಗೂ ಹೇಳಿಕೊಂಡವಳು ನಾನು.

ನಿನಗೆ ಮಗು ಇದ್ದಿದ್ದರೆ ಹೀಗೆ ಮಾಡುತ್ತಿರಲಿಲ್ಲ. ಇದನ್ನು ಬರೆಯಬಾರದೆಂದು ಎರಡು ಸಲ ಕಾಗದ ಹರಿದೆ. ಮೂರನೆಯ ಸಲವೂ ಪೆನ್ನು ಅಲ್ಲಿಗೇ ಬಂತು. ಬರೆದುಬಿಟ್ಟೆ.

ನಾನಿದ್ದಾಗಲೂ ಹೀಗೇ ಅನ್ನಿಸುತ್ತಿತ್ತೇ ನಿನಗೆ? ನನ್ನ ಏಪ್ರನ್ ಕಟ್ಟಿಸಿಕೊಳ್ಳುವಾಗ ಒಳಗೊಳಗೇ ಶಪಿಸುತ್ತಿದ್ದೆಯಾ?

ಹಾಜಾಳ ಹತ್ತಿರ ಹೋಗು, ತಪ್ಪಾಯಿತು ಅನ್ನು. ಮೇಜಿಗೆ ಮರಳು. ನನ್ನ ಮಾತು ಕೇಳು.

ಮಹಜೂಬಾ


ಸಫಿ, ಮೇ ೭

ಮಹಜೂಬಾಗೆ,

ನಾನು ಹಾಗೆ ಕೂಗಲಿಲ್ಲ. ಕೂಗಿದ್ದರೂ ಸುಳ್ಳೇನಾಗುತ್ತಿರಲಿಲ್ಲ.

ಖದ್ದೂಜ್‌ಳ ಮಗ ಅಳುತ್ತಾ ನಿಂತದ್ದಕ್ಕೆ ನನಗೂ ಸಂಕಟವಾಯಿತು. ಆದರೆ ಅವನನ್ನು ಕರೆತರಲು ಮೇಜಿನಲ್ಲಿ ಬೇರೆ ಯಾರಾದರೂ ಅವಳ ಏಪ್ರನ್ ಕಟ್ಟಿಸಿಕೊಳ್ಳಬಹುದಿತ್ತು. ಕಟ್ಟಿಸಿಕೊಳ್ಳಲಿಲ್ಲ. ಅದನ್ನು ಸಾದಿಯಾ ಹೇಳಲಿಲ್ಲ, ಅಲ್ಲವೇ? ಅವರ ಕಣ್ಣಿಗೆ ಆ ಮೇಜಿನಲ್ಲಿ ಒಬ್ಬಳಿಗೇ ಸೊಂಟ ಇರುವುದು.

ನಿನ್ನ ಏಪ್ರನ್ ಕಟ್ಟಿಸಿಕೊಳ್ಳುವಾಗ ಶಪಿಸಲಿಲ್ಲ. ಯಾಕೆ ಗೊತ್ತೇ? ನೀನು "ದಾವಿಯಾ, ಆಗುತ್ತಾ?" ಅಂತ ಕೇಳುತ್ತಿದ್ದೆ. ಖದ್ದೂಜ್ ಕೇಳುವುದಿಲ್ಲ. ಹಿಂದಿನಿಂದ ಬಂದು ಕಟ್ಟುತ್ತಾಳೆ, ಗೂಟಕ್ಕೆ ಹಗ್ಗ ಕಟ್ಟಿದ ಹಾಗೆ.

ತಪ್ಪಾಯಿತು ಅನ್ನುವುದಿಲ್ಲ. ಮೋರಿಯ ಬಳಿ ವಾಸನೆ ಜಾಸ್ತಿ, ಜನ ಕಡಿಮೆ. ಚೆನ್ನಾಗಿಯೇ ಇದೆ. ನನಗೆ ಮಗು ಇದ್ದಿದ್ದರೆ ಏನು ಮಾಡುತ್ತಿದ್ದೆ ಎಂದು ನೀನು ಬರೆದಿದ್ದೀಯಲ್ಲ, ಆ ಸಾಲಿಗೆ ಉತ್ತರ ಬರೆಯುವುದಿಲ್ಲ.

ರೀಮ್ ಚೆನ್ನಾಗಿದ್ದಾಳೆ.

ದಾವಿಯಾ


ವೆಲ್ವಾ, ಮೇ ೧೭

ನನ್ನ ದಾವಿಯಾ,

ಹೇಗೆ ಶುರು ಮಾಡಲಿ? ಮೊನ್ನೆ ಫೋನಿನಲ್ಲಿ ರೀಮ್ ಸಿಕ್ಕಳು. ಅಮ್ಮ ನೀರಿಗೆ ಹೋಗಿದ್ದಳು. "ಅಮ್ಮಾ, ಈ ಕಿವಿಗೆ ಹಿಡಿಬೇಡ ಅಂತ ಡಾಕ್ಟರು ಹೇಳಿದ್ದಾರೆ, ಆ ಕಿವಿಗೆ ಹಿಡ್ಕೊಂಡಿದ್ದೀನಿ" ಅಂದಳು. ಯಾವ ಡಾಕ್ಟರು ಅಂದೆ. "ಕಿವಿಯಿಂದ ಹಳದಿ ಬಂತಲ್ಲ, ದಾವಿಯಾ ಚಿಕ್ಕಮ್ಮ ಬೆನ್ನ ಮೇಲೆ ಹೊತ್ಕೊಂಡು ಆಸ್ಪತ್ರೆಗೆ ಹೋದಳಲ್ಲ, ಅಲ್ಲಿ ಸಾಲಿನಲ್ಲಿ ನಾನು ಅವಳ ಮೇಲೆ ವಾಂತಿ ಮಾಡಿದೆನಲ್ಲ" ಅಂದಳು. ನನಗೆ ಗೊತ್ತಿರುವ ವಿಷಯ ಎಂಬ ಹಾಗೆ ಹೇಳಿದಳು. ಯಾವತ್ತು ಅಂದೆ. ಮಂಗಳವಾರ ಅಂದಳು.

ಅಮ್ಮನನ್ನು ಮತ್ತೆ ಕರೆದು ಕೇಳಿದೆ. ಕಿವಿಗೆ ಎಣ್ಣೆ ಬಿಟ್ಟು ಬಿಟ್ಟು ಜ್ವರ ಏರಿಸಿದ್ದಳಂತೆ. ನನಗೆ ಹೇಳಬಾರದೆಂದು ನಿನ್ನಿಂದ ಆಣೆ ಮಾಡಿಸಿಕೊಂಡಳಂತೆ. "ಅಲ್ಲಿ ಕೂತು ಅತ್ತು ನೀನೇನು ಮಾಡ್ತಿದ್ದೆ?" ಅಂದಳು. ಉಣ್ಣೆ ಟೋಪಿ ಎಂದು ಓದಿ ನಾನು ಇಲ್ಲಿ ಹೆಮ್ಮೆ ಪಟ್ಟೆ. ಅದರ ಕೆಳಗೆ ಹತ್ತಿ ಇತ್ತು.

ನಾನು ಬರೆದ ಸಾಲನ್ನು ಹರಿದು ಹಾಕು.

ಈಗ ನನ್ನದನ್ನೂ ಕೇಳು. ಮೇಸ್ತ್ರಿ ಒಳ್ಳೆಯವನು ಅಂತ ಬರೆದಿದ್ದೆ. ಅಲ್ಲ. ನಿಧಾನವಾದರೆ ಮರುದಿನ ಕೆಲಸ ಕೊಡದೆ ಕೋಣೆಯಲ್ಲಿ ಕೂರಿಸುತ್ತಾನೆ. ಎರಡು ಸಲ ಕೂರಿಸಿದ್ದಾನೆ ನನ್ನನ್ನು. ಸೊಂಟ ನೆಟ್ಟಗಾಗುವುದಿಲ್ಲ. ರೀಮ್‌ಳ ವಿಷಯ ತಿಳಿದ ದಿನ ಅವನ ಹತ್ತಿರ ಹೋಗಿ, ನಾಲ್ಕು ದಿನ ಊರಿಗೆ ಹೋಗಿ ಬರುತ್ತೇನೆ ಅಂದೆ. ದುಭಾಷಿ ಹುಡುಗಿ ಅವನ ಉತ್ತರವನ್ನು ನನಗೆ ಹೇಳಲು ಸಂಕೋಚಪಟ್ಟಳು. "ಮಗು ಇದೆ ಅಂತಲೇ ಅಲ್ವಾ ನಿನ್ನನ್ನ ತಗೊಂಡಿದ್ದು? ಕೆಲಸ ಮುಗಿದ ಮೇಲೆ ವಾಪಸ್ ಹೋಗ್ಲಿ ಅಂತ. ಮಧ್ಯದಲ್ಲಿ ಹೋಗ್ಲಿ ಅಂತ ಅಲ್ಲ." ಹೀಗೆ ಅಂದನಂತೆ.

ನಾನು ಸಾದಿಯಾಳ ಫೋನಿನಿಂದಲೇ ಖದ್ದೂಜ್ ಜೊತೆ ಮಾತಾಡಿದೆ. ನೀನು ಅಂದು ಯಾರಿಗಾಗಿ ಹೋದೆ ಎಂದು ಹೇಳಿದೆ. ಅವಳು ಅತ್ತಳು. ಹಾಜಾಗೂ ಹೇಳುತ್ತೇನೆ ಅಂದಳು. ಇನ್ನು ನಿನ್ನ ಜಾಗ ನಿನಗೆ ಸಿಗುತ್ತದೆ. ನಾನು ಮಾಡಬಹುದಾದದ್ದು ಇಷ್ಟೇ.

ನಿನ್ನ ಮಹಜೂಬಾ


ಸಫಿ, ಮೇ ೩೦

ಅಕ್ಕಾ,

ಯಾಕೆ ಹೇಳಿದೆ? ನಿನ್ನ ಮೇಲಿನ ಪ್ರೀತಿ ಎಲ್ಲಿಗೂ ಹೋಗಿಲ್ಲ, ಆದರೆ ಕೋಪವನ್ನು ಮೊದಲು ಬರೆಯುತ್ತೇನೆ. ನನ್ನನ್ನು ಕೇಳದೆ ನನ್ನ ಪರವಾಗಿ ಕಾರಣ ಕೊಟ್ಟೆ. ನಾನು ಒಂದು ತಿಂಗಳು ಕರುಳು ಎತ್ತಿದ್ದು ಆ ಕಾರಣ ಕೊಡಬಾರದು ಎಂದೇ.

ನಿಜ ಹೇಳುತ್ತೇನೆ. ಆ ಮಂಗಳವಾರ ಬಾಯಿ ಬಿಡದಿದ್ದದ್ದು ನಿನ್ನ ಅಮ್ಮನಿಗೆ ಕೊಟ್ಟ ಆಣೆಗೆ. ಖದ್ದೂಜ್‌ಗೆ ಹೇಳಿದರೆ ಸಾದಿಯಾಗೆ, ಸಾದಿಯಾಗೆ ಹೇಳಿದರೆ ನಿನಗೆ. ಅಷ್ಟೇ ಇತ್ತು. ಆದರೆ ಮೋರಿಯ ಬಳಿ ನಿಂತಾಗ ಯೋಚನೆ ಮಾಡಲು ಬಹಳ ಹೊತ್ತು ಸಿಗುತ್ತದೆ. ಹೇಳಿದ್ದರೆ ಏನಾಗುತ್ತಿತ್ತು? "ಪಾಪ, ಮಗುವಿಗಾಗಿ" ಎಂದು ಬಿಡುತ್ತಿದ್ದರು. ಅಂದರೆ ನನಗೆ ಒಂದು ದಿನ ಬೇಕಾದರೆ ಯಾರದಾದರೂ ಮಗುವನ್ನು ಸಾಲ ತರಬೇಕು. ನನ್ನದೇ ಹಲ್ಲು ನೋವು, ನನ್ನದೇ ಬೇಸರ, ನನ್ನದೇ ಸುಮ್ಮನೆ ಕೂರುವ ಆಸೆ, ಇವಕ್ಕೆ ಬೆಲೆಯಿಲ್ಲ.

ಖದ್ದೂಜ್ ಜೇನು ಹಚ್ಚಿದ ರೊಟ್ಟಿ ಕಟ್ಟಿಕೊಂಡು ಮೋರಿಯ ಹತ್ತಿರವೇ ಬಂದಳು. ನನ್ನ ತಲೆಗೆ ಮುತ್ತಿಟ್ಟಳು, ಮೀನಿನ ಹುರುಪೆ ಅಂಟಿದ್ದರೂ.

"ಬಾಯಿ ಬಿಟ್ಟು ಹೇಳಬಾರದಿತ್ತೇನೇ? ಮಗುಗೆ ಅಂತ ಗೊತ್ತಿದ್ರೆ ನಾನೇ ನಿನ್ನ ಏಪ್ರನ್ ಬಿಚ್ಚಿ ಕಟ್ಕೋತಿದ್ದೆ."

"ಮಗುಗೆ ಅಲ್ದೆ ಇದ್ದಿದ್ರೆ?"

"ಅಲ್ದೆ ಇದ್ದಿದ್ರೆ ಅಂದ್ರೆ?"

"ಮನೇಲಿ ಬಿದ್ಕೊಂಡು ನಿದ್ದೆ ಮಾಡಿದ್ದಿದ್ರೆ?"

"ನಿದ್ದೆಗೆ ಯಾರಾದ್ರೂ ಮೀನು ಬಿಟ್ಟು ಹೋಗ್ತಾರೇನೇ, ಹುಚ್ಚಿ?"

"ಹಾಗಾದ್ರೆ ನಿನ್ನ ಮೇಜು ನೀನೇ ಇಟ್ಕೋ. ರೊಟ್ಟಿ ಮಾತ್ರ ಕೊಡು, ಹಸಿವಾಗಿದೆ."

ಹಾಜಾ ಫದೀಲಾಳೂ ಕರೆದಳು. "ಬೂಟು ತೊಳ್ಕೊಂಡು ಮೇಜಿಗೆ ಬಾ. ಮಗುವಿನ ವಿಷಯ, ಮಾಫಿ ಆಯ್ತು."

"ಮಾಫಿ ನಾನು ಕೇಳಿಲ್ಲ ಹಾಜಾ. ಎಲ್ಲರಿಗೂ ಪಾಳಿ ಮಾಡಿ. ಪಾಳಿ ಬಂದವಳು ಹೋಗ್ತಾಳೆ, ಎಲ್ಲಿಗೆ ಅಂತ ಯಾರೂ ಕೇಳಬಾರದು. ಮಗುಗೆ ಹುಷಾರಿಲ್ಲ ಅಂದ್ರೆ ಪಾಳಿ ಇಲ್ಲದೆನೂ ಹೋಗ್ಲಿ, ಬೇಡ ಅನ್ನೋದಿಲ್ಲ. ಆದ್ರೆ ಆಮೇಲೆ ಇನ್ನೊಬ್ಬಳ ಏಪ್ರನ್ ಕಟ್ಕೊಂಡು ತೀರಿಸ್ಲಿ. ಹಾಗಾದ್ರೆ ಬರ್ತೀನಿ."

"ನಿನಗೆ ಸೊಕ್ಕು" ಅಂದಳು.

"ಇರಬಹುದು" ಅಂದೆ. ಸಲಿಕೆ ಎತ್ತಿಕೊಂಡೆ.

ಹೆದರಿದ್ದೆ, ಅಕ್ಕಾ, ನಿನಗೆ ಹೇಳಲು ನಾಚಿಕೆಯಿಲ್ಲ. ಸೀಸನ್ ಮುಗಿಯಲು ಬಂದಿದೆ. ಮನೆಗೆ ಹೋಗಿ ಒಲೆ ಹಚ್ಚಲೂ ಇಲ್ಲ ಆ ದಿನ.

ಮೊನ್ನೆ ಶನಿವಾರ ಮತ್ತೆ ದೋಣಿಗಳು ತುಂಬಿ ಬಂದವು. ಮೋರಿಯ ಕಡೆಯಿಂದ ನೋಡುತ್ತಿದ್ದೆ. ಇಝ್ಝಾ, ಮಾತೇ ಆಡದ ಇಝ್ಝಾ, ಚಾಕು ಒರೆಸಿ ಇಟ್ಟಳು. ಏಪ್ರನ್ ಬಿಚ್ಚಿದಳು. ಖದ್ದೂಜ್‌ಳ ಹಿಂದೆ ಹೋಗಿ ಕಟ್ಟಿದಳು.

"ಎಲ್ಲಿಗೆ ಇಝ್ಝಾ? ಮಗ ಬಂದ್ನಾ?"

"ಇಲ್ಲ. ಹಮಾಮಿಗೆ. ಸೊಂಟ ಬಿಸಿನೀರು ಕೇಳ್ತಿದೆ."

"ಈಗಾ? ಇಷ್ಟು ಮೀನು ಇಟ್ಕೊಂಡಾ?"

"ಮೀನು ಯಾವತ್ತಿಲ್ಲ ಹೇಳು. ಸೊಂಟ ನನಗೆ ಒಂದೇ ಇರೋದು."

ಹೋಗಿಬಿಟ್ಟಳು. ಗೇಟಿನವರೆಗೂ ತಿರುಗಿ ನೋಡಲಿಲ್ಲ. ಖದ್ದೂಜ್‌ಳ ಕೈ ಗಂಟಿನ ಕಡೆಗೆ ಹೋಯಿತು. ನಾನು ಅವಳನ್ನೇ ನೋಡುತ್ತಿದ್ದೆ. ಗಂಟಿನ ಮೇಲೆ ಕೈ ಇಟ್ಟುಕೊಂಡೇ ನಿಂತಳು. ಆಮೇಲೆ ಏನಾಯಿತೋ ಏನೋ, ನಗಲು ಶುರು ಮಾಡಿದಳು, ಕಣ್ಣಲ್ಲಿ ನೀರು ಬರುವಷ್ಟು.

"ಹಮಾಮು!" ಅಂದಳು. "ನಾನು ಹಮಾಮಿಗೆ ಒಬ್ಬಳೇ ಹೋಗಿ ಎಷ್ಟು ವರ್ಷ ಆಯ್ತೋ. ಹೋದಾಗೆಲ್ಲ ನಾಲ್ಕು ತಲೆ ಉಜ್ಜಿ, ನಾಲ್ಕು ಜನರ ಅಳು ಕೇಳಿ, ನನ್ನ ಬೆನ್ನಿಗೆ ನೀರು ಬಿತ್ತೋ ಇಲ್ವೋ ಅಂತ ಗೊತ್ತಾಗದೆ ಬರ್ತೀನಿ. ಮೇಜು ಬಿಟ್ಟು ಹೋದಾಗೆಲ್ಲ ನಾನು ಎಲ್ಲಿಗೆ ಹೋಗಿದ್ದೀನಿ? ಆಸ್ಪತ್ರೆ, ಶಾಲೆ, ಮನೆ. ಒಂದು ದಿನ ನನಗೆ ಅಂತ ಹೋಗಿದ್ದೀನಾ?"

ಮೇಜಿನ ಆ ಕಡೆಯಿಂದ ಯಾರೋ "ನಾನೂ ಇಲ್ಲ" ಅಂದರು.

ಖದ್ದೂಜ್ ಇಝ್ಝಾಳ ಏಪ್ರನ್ನಿನ ಗಂಟು ಬಿಚ್ಚಲಿಲ್ಲ. ಬಿಗಿ ಮಾಡಿಕೊಂಡಳು. ಮಧ್ಯಾಹ್ನ ರೊಟ್ಟಿ ತಿನ್ನುವ ಹೊತ್ತಿಗೆ ಮೇಜಿನವರೆಲ್ಲ ಹಾಜಾಳ ಮುಂದೆ ನಿಂತಿದ್ದರು. ನಾನು ಹೇಳಿದ ಪಾಳಿಯನ್ನೇ ಖದ್ದೂಜ್ ತಾನೇ ಕಂಡುಹಿಡಿದವಳ ಹಾಗೆ ಗಟ್ಟಿಯಾಗಿ ಹೇಳಿದಳು. ಕೊನೆಗೆ "ಮಕ್ಕಳಿಗೆ ಹೋಗೋದು ಬೇರೆ, ನನ್ನ ಪಾಳಿ ಬೇರೆ" ಎಂದು ಸೇರಿಸಿದಳು. ಹಾಜಾ ನಮ್ಮನ್ನೆಲ್ಲ ನೋಡಿದಳು. "ಮೀನು ಮುಗಿದ್ರೆ ಸಾಕು ನನಗೆ. ಯಾರು ಮುಗಿಸ್ತೀರೋ ಸಾಯಿರಿ" ಅಂದಳು.

ನಾನು ಬೂಟು ತೊಳೆದುಕೊಂಡೆ. ಮರುದಿನದಿಂದ ಮತ್ತೆ ಮೇಜಿನಲ್ಲಿದ್ದೇನೆ.

ಈಗ ಕೋಪ ಇಳಿದಿದೆ. ನಿನ್ನ ಸೊಂಟಕ್ಕೆ ಏನು ಹಚ್ಚುತ್ತಿದ್ದೀಯ? ಮತ್ತೆ "ಚೆನ್ನಾಗಿದ್ದೇನೆ" ಎಂದು ಬರೆದರೆ ಕಾಗದ ಓದುವುದಿಲ್ಲ.

ದಾವಿಯಾ


ವೆಲ್ವಾ, ಜೂನ್ ೯

ದಾವಿಯಾ,

ಚೆನ್ನಾಗಿಲ್ಲ. ಸೊಂಟಕ್ಕೆ ಆಲಿವ್ ಎಣ್ಣೆ ಹಚ್ಚುತ್ತೇನೆ, ಸಾದಿಯಾ ತಿಕ್ಕುತ್ತಾಳೆ. ತಿಕ್ಕುವಾಗ ನಿನ್ನ ಕಾಗದ ಓದಿದೆ. ಈ ಸಲ ಬೇಕೆಂದೇ ಗಟ್ಟಿಯಾಗಿ ಓದಿದೆ.

ನಿನ್ನೆ ಮೇಸ್ತ್ರಿಗೆ "ಇವತ್ತು ಮಧ್ಯಾಹ್ನದ ಮೇಲೆ ನಾನು ಕೀಳುವುದಿಲ್ಲ" ಅಂದೆ. "ಮಗುಗೆ ಏನಾದ್ರೂ ಆಯ್ತಾ?" ಅಂತ ಕೇಳಿಸಿದ. "ಮಗು ಚೆನ್ನಾಗಿದೆ. ನನಗೆ ನೋವು" ಅಂದೆ. ದುಭಾಷಿ ಹುಡುಗಿ ಅದನ್ನು ಎರಡು ಸಲ ಹೇಳಬೇಕಾಯಿತು, ಅವನಿಗೆ ಅರ್ಥವೇ ಆಗಲಿಲ್ಲ. ಇವತ್ತು ಶಿಕ್ಷೆಗೆ ಕೋಣೆಯಲ್ಲಿ ಕೂತಿದ್ದೇನೆ. ಸಾದಿಯಾ ಕೂಡ ಬಂದು ಪಕ್ಕದಲ್ಲಿ ಕೂತಿದ್ದಾಳೆ. ಅವಳಿಗೆ ಯಾರೂ ಶಿಕ್ಷೆ ಕೊಟ್ಟಿಲ್ಲ.

ಮುಂದಿನ ವರ್ಷ ನಮ್ಮನ್ನು ಕರೆಯಲಿಕ್ಕಿಲ್ಲ. ಈ ತಿಂಗಳ ಕೊನೆಗೆ ಊರಿಗೆ ಬರುತ್ತೇನೆ. ಮೇಜಿನಲ್ಲಿ ಜಾಗವಿದ್ದರೆ ನನಗೂ ಒಂದು ಪಾಳಿ ಹಾಕಿಸು.

ಮಹಜೂಬಾ


ಸಫಿ, ಜೂನ್ ೨೦

ಅಕ್ಕಾ,

ಈ ಕಾಗದ ನೀನು ಹಡಗು ಹತ್ತುವ ಮುಂಚೆ ಸಿಕ್ಕರೆ ಸಿಗಲಿ. ನಿನಗೆ ಪಾಳಿ ಹಾಕಿಸಿದ್ದೇನೆ. ರೀಮ್‌ಗೆ ಎರಡೂ ಕಿವಿ ಕೇಳುತ್ತದೆ. ಬೇಡದ್ದು ಮಾತ್ರ ಕೇಳುವುದಿಲ್ಲ.

ನಿನ್ನೆ ನನ್ನ ಪಾಳಿ ಬಂತು. ನೋಡು, ಸರಿಯಾಗಿ ನಿನ್ನೆಯೇ ದೋಣಿಗಳು ಮುಳುಗುವಷ್ಟು ಮೀನು ತಂದವು. ಮೇಜೆಲ್ಲ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಎಲ್ಲರೂ ನನ್ನ ಮುಖ ನೋಡಿದರು. ಇವತ್ತು ಬಿಟ್ಟುಕೊಡುತ್ತಾಳೆ, ನಾಳೆ ಹೋಗುತ್ತಾಳೆ ಎಂದು ನೋಡಿದರು. ನನಗೂ ಒಂದು ಕ್ಷಣ ಹಾಗೇ ಅನ್ನಿಸಿತು, ಹಳೆಯ ಅಭ್ಯಾಸ. ನಾಲಿಗೆ ಕಚ್ಚಿಕೊಂಡೆ. "ಖದ್ದೂಜ್, ಆಗುತ್ತಾ?" ಅಂದೆ. "ಆಗದೆ ಏನು, ಕಟ್ಟು" ಅಂದಳು. ಹೊರಟೆ.

ಗೇಟಿನ ಕಾವಲುಗಾರ "ಏನಮ್ಮಾ, ಯಾರಿಗೆ ಹುಷಾರಿಲ್ಲ?" ಅಂದ. "ಎಲ್ಲರೂ ಹುಷಾರಾಗಿದ್ದಾರೆ" ಅಂದೆ.

ಇವತ್ತು ಬೆಳಿಗ್ಗೆ ಮೇಜಿಗೆ ಬಂದಾಗ ಖದ್ದೂಜ್ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಮುಖ ಬಿಸಿಲಿಗೆ ಕೆಂಪಗಾಗಿತ್ತು, ಅದು ಅವಳ ಕಣ್ಣಿಗೆ ಬಿತ್ತು. ಕೇಳಬೇಕೆಂದು ಅವಳ ಗಂಟಲವರೆಗೆ ಬಂದದ್ದು ನನಗೆ ಕಾಣುತ್ತಿತ್ತು. ಪಾಪ, ಎಷ್ಟು ಕಷ್ಟಪಟ್ಟಳೋ. ಕೊನೆಗೆ, "ಚಾಕು ಮಸೆದು ಇಟ್ಟಿದ್ದೀನಿ, ತಗೋ" ಅಂದಳು. ಇಝ್ಝಾ ಮೀನಿನ ಮೇಲೆ ತಲೆ ಬಗ್ಗಿಸಿ ನಗುತ್ತಿದ್ದಳು.

ನೀನೂ ಊರಿಗೆ ಬಂದ ಮೇಲೆ ಕೇಳುತ್ತೀಯ, ಗೊತ್ತು. ನನ್ನ ಕೈ ಹಿಡಿದುಕೊಂಡು ಕೇಳುತ್ತೀಯ. ನಿನ್ನ ಮೇಲೆ ಪ್ರಾಣ ಇಟ್ಟುಕೊಂಡಿದ್ದೇನೆ, ಆದರೂ ಹೇಳುವುದಿಲ್ಲ. ಬಹಳ ಚೆನ್ನಾಗಿತ್ತು ಎಂದಷ್ಟೇ ತಿಳಿದುಕೋ.

ದಾವಿಯಾ